ಮೂವತ್ತು ಸೆಕೆಂಡ್ ಬಿಟ್ಟು ಆನ್ ಮಾಡಿ

ಇಂಟರ್ನೆಟ್ ಪೆಟ್ಟಿಗೆಗೆ ಐವತ್ತೆರಡು ಜಿಪ್ಪು. ಬೀದಿಯ ಕಂಬದಿಂದ ಮನೆಯೊಳಗೆ ವೈರು ಎಳೆದದ್ದಕ್ಕೆ ಮೂವತ್ತು ಪ್ಯಾಂಟುಗಳ ಉದ್ದ ಕಡಿಮೆ ಮಾಡಿದಷ್ಟು. ಇನ್ನು ಮೇಲೆ ತಿಂಗಳು ತಿಂಗಳೂ ಹದಿನೆಂಟು ಜಿಪ್ಪು, ಜಿಪ್ಪು ಕೆಟ್ಟವರು ಬಾಗಿಲಿಗೆ ಬರಲಿ, ಬಿಡಲಿ. ದರ್ಜಿ ಅಕ್ಕನ ಲೆಕ್ಕವೇ ಹಾಗೆ. ಇಪ್ಪತ್ತಾರು ವರ್ಷ ಹೊಲಿಗೆ ಯಂತ್ರದ ಮುಂದೆ ಬೆನ್ನು ಬಗ್ಗಿಸಿದವಳಿಗೆ ಯಾವ ವಸ್ತುವಿನ ಬೆಲೆಯೂ ನೋಟಿನಲ್ಲಿ ತಿಳಿಯುತ್ತಿರಲಿಲ್ಲ. ಅದಕ್ಕಾಗಿ ಎಷ್ಟು ಸಲ ಸೂಜಿಗೆ ದಾರ ಪೋಣಿಸಬೇಕು ಎಂಬುದರಲ್ಲಿ ತಿಳಿಯುತ್ತಿತ್ತು.

ಇಷ್ಟು ಖರ್ಚಿಗೆ ಅವಳು ಸುಮ್ಮನೆ ಕೈ ಹಾಕಿರಲಿಲ್ಲ. ಈಗೀಗ ಯಾರೂ ಬಟ್ಟೆ ಹೊಲಿಸುತ್ತಿರಲಿಲ್ಲ. ಸಿದ್ಧ ಉಡುಪು ಕೊಂಡು, ಜಿಪ್ಪು ಕಿತ್ತಾಗ, ಕಾಲು ಉದ್ದವಾದಾಗ ಮಾತ್ರ ಅವಳ ಬಾಗಿಲು ತಟ್ಟುತ್ತಿದ್ದರು. ಕಾಲರು ಕೂರಿಸುವುದು, ತೋಳಿಗೆ ನೆರಿಗೆ ಹಿಡಿಯುವುದು, ಹುರಿ ಒಳಗಿಟ್ಟ ಪಟ್ಟಿ ಹೊಲಿದು ಅಂಚಿಗೆ ಪೈಪಿಂಗ್ ಕೊಡುವುದು, ಈ ವಿದ್ಯೆಯೆಲ್ಲ ಬೆರಳ ತುದಿಯಲ್ಲೇ ಉಳಿದು, ಬೇಕೆನ್ನುವವರಿಲ್ಲದೆ ತುಕ್ಕು ಹಿಡಿಯುತ್ತಿತ್ತು. ಅಂಥದ್ದರಲ್ಲಿ ಹೊಲಿಗೆ ಕಲಿಸುವ ಕೇಂದ್ರವೊಂದರ ಮೇಲ್ವಿಚಾರಕಿ ತಾನಾಗಿಯೇ ಫೋನು ಮಾಡಿದ್ದಳು.

"ಹನ್ನೆರಡು ಜನ ಇದ್ದಾರಮ್ಮ. ಅವರವರ ಮನೇಲೇ ಕೂತು, ಫೋನಲ್ಲಿ ನಿಮ್ಮ ಕೈ ನೋಡ್ಕೊಂಡು ಕಲೀತಾರೆ. ಶನಿವಾರ ಸಂಜೆ ನಾಲ್ಕಕ್ಕೆ ಮೊದಲ ಕ್ಲಾಸು. ಚೆನ್ನಾಗಿ ಆದ್ರೆ ವರ್ಷಪೂರ್ತಿ ನೀವೇ. ಆಗ್ಲಿಲ್ಲ ಅಂದ್ರೆ, ಬೇಜಾರು ಮಾಡ್ಕೋಬೇಡಿ, ಬೇರೆಯವರು ಕಾಯ್ತಿದ್ದಾರೆ."

ಮನೆಯೋ ನೆಲಮಹಡಿಯ ಹಿಂಬದಿಯದು. ಮೂರು ಕಡೆ ಪಕ್ಕದ ಕಟ್ಟಡಗಳ ಗೋಡೆ. ಮೊಬೈಲಿನಲ್ಲಿ ಮಾತಾಡಬೇಕೆಂದರೆ ಮಹಡಿ ಮೆಟ್ಟಿಲಿನ ಎರಡನೆಯ ತಿರುವಿಗೆ ಹತ್ತಿ, ಅಲ್ಲಿನ ಪುಟ್ಟ ಕಿಟಕಿಗೆ ಕೆನ್ನೆ ಆನಿಸಿ ನಿಲ್ಲಬೇಕು. ಮೋಟಾರು, ಮೇಜು ಸಮೇತದ ಯಂತ್ರವನ್ನು ಅಲ್ಲಿಗೆ ಹೊತ್ತೊಯ್ಯುವುದು ಆಗದ ಮಾತು. ಹಾಗಾಗಿ ಪೆಟ್ಟಿಗೆ ಬಂತು.

ಶುಕ್ರವಾರ ಮಧ್ಯಾಹ್ನ ಲೈನ್‌ಮನ್ ಬಂದು, ಹಾಲು ಬಿಳುಪಿನ ಸಣ್ಣ ವೈರೊಂದನ್ನು ಕಿಟಕಿಯಿಂದ ಒಳಗೆ ತಂದ. ಅತ್ತೆಯ ರೇಡಿಯೊ ಇದ್ದ ಗೂಡಿನಿಂದ ರೇಡಿಯೊ ಇಳಿಸಿ ಪೆಟ್ಟಿಗೆ ಇಟ್ಟ. ಮಿಕ್ಕ ವೈರನ್ನು ಊಟದ ತಟ್ಟೆಯಗಲಕ್ಕೆ ಸುತ್ತಿ ಮೊಳೆಗೆ ನೇತುಹಾಕಿದ. ಆಗ ದರ್ಜಿ ಅಕ್ಕ ಬಾಗಿಲಲ್ಲಿ ಗಿರಾಕಿಯೊಬ್ಬರ ಸೊಂಟದಳತೆ ತೆಗೆಯುತ್ತಿದ್ದಳು. ಗಂಡ ಲಾರಿ ಓಡಿಸುವವನು, ಭಾನುವಾರವಲ್ಲದೆ ಮನೆಗೆ ಬರುವವನಲ್ಲ. ಹಾಗಾಗಿ ಲೈನ್‌ಮನ್ ಹೇಳಬೇಕಾದದ್ದನ್ನೆಲ್ಲ ಅವಳ ಮೈದುನನಿಗೆ ಹೇಳಿದ.

"ನಾಳೆ ಹತ್ತು ಗಂಟೆಗೆ ಆಫೀಸಿನವರು ಚಾಲೂ ಮಾಡ್ತಾರೆ. ಈ ಸುತ್ತು ಮಾತ್ರ ಹೀಗೇ ಇರ್ಲಿ."

"ಗೊತ್ತು, ಗೊತ್ತು," ಎಂದ ಮೈದುನ.

ಫ್ರಿಜ್ ರಿಪೇರಿ ಮಾಡುವ ಈ ಮೈದುನನಿಗೆ ಮನೆಯಲ್ಲಿ ಗೊತ್ತಪ್ಪ ಎಂದೇ ಹೆಸರು. ಇದಿರಿನವರ ಬಾಯಿಂದ ಮಾತು ಪೂರ್ತಿ ಹೊರಬೀಳುವ ಮೊದಲೇ ಅವನಿಗೆ ಅದು ಗೊತ್ತಾಗಿಬಿಟ್ಟಿರುತ್ತಿತ್ತು. ಹೊರಬಿದ್ದ ಮೇಲೆ ಮರೆತೂ ಹೋಗಿರುತ್ತಿತ್ತು.

ಗಿರಾಕಿಯನ್ನು ಕಳಿಸಿ ಒಳಬಂದ ದರ್ಜಿ ಅಕ್ಕ ಮೊಳೆಯ ಮೇಲಿನ ಸುತ್ತು ನೋಡಿ ಮುಖ ಸಿಂಡರಿಸಿದಳು. ಬಸ್ಸಿನಲ್ಲಿ ಮುಂದಿನ ಸೀಟಿನವರ ಕಾಲರಿನಿಂದ ಒಂದೆಳೆ ದಾರ ಇಳಿಬಿದ್ದಿದ್ದರೂ ಕೈ ತುರಿಸುವ ಹೆಂಗಸು ಅವಳು. ನಾಳೆ ಹನ್ನೆರಡು ಜನರಿಗೆ ತನ್ನ ಬೆನ್ನ ಹಿಂದಿನ ಈ ಗೋಡೆ ಕಾಣುತ್ತದೆ! ಕೂಡಲೇ ಗೋಡೆಯ ಬಣ್ಣದ್ದೇ ಪರದೆ ಬಟ್ಟೆ ಹುಡುಕಿ, ಓರೆಯಾಗಿ ಪಟ್ಟಿ ಕತ್ತರಿಸಿ, ವೈರನ್ನು ಅದರೊಳಗಿಟ್ಟು ಮಡಚಿ, ಕೈಯಲ್ಲೇ ಸಣ್ಣ ಸಣ್ಣ ಹೊಲಿಗೆ ಹಾಕುತ್ತ ಹೋದಳು. ಅಂಗಿಯ ಅಂಚಿಗೆ ಪೈಪಿಂಗ್ ಕೊಟ್ಟ ಹಾಗೆ ಆ ವೈರು ಕಿಟಕಿಯ ಚೌಕಟ್ಟು ಇಳಿದು, ಬೀರುವಿನ ನೆತ್ತಿ ಹಾದು, ಗೂಡಿನ ಅಂಚು ಹಿಡಿದು ಪೆಟ್ಟಿಗೆಯ ಬೆನ್ನಿಗೆ ಸೇರಿತು. ದಾರಿಯಲ್ಲಿ ಐದು ಮೂಲೆ. ಪ್ರತಿ ಮೂಲೆಯಲ್ಲೂ ಲಕೋಟೆಯ ಅಂಚಿನಂತೆ ಚೂಪಾಗಿ ಮಡಚಿ, ಉಗುರಿನಿಂದ ತೀಡಿ, ಎರಡೆರಡು ಗಂಟು ಬಿಗಿದಳು. ಸುತ್ತು ಮಾಯ.

"ನೋಡಿ ಅತ್ತೆ, ವೈರು ಎಲ್ಲಿದೆ ಹೇಳಿ ನೋಡೋಣ?"

"ವೈರು ಹಾಳಾಗ್ಲಿ, ನನ್ನ ರೇಡಿಯೊ ಎಲ್ಲಿದೆ ಹೇಳು," ಅಂದರು ಅತ್ತೆ.

ಶನಿವಾರ ಹತ್ತು ಗಂಟೆಯಾಯಿತು. ಹತ್ತೂಕಾಲಾಯಿತು. ದರ್ಜಿ ಅಕ್ಕ ಫೋನು ಹಿಡಿದು ಪೆಟ್ಟಿಗೆಯ ಮುಂದೆ ಕೂತೇ ಇದ್ದಳು. ಫೋನು ಪೆಟ್ಟಿಗೆಯ ಹೆಸರನ್ನೇನೋ ಹಿಡಿಯಿತು. ಅದರಾಚೆ ಏನೂ ಇಲ್ಲ. 'ಇಂಟರ್ನೆಟ್ ಇಲ್ಲ' ಎಂಬ ಒಂದೇ ಸಾಲು.

"ಆಫೀಸಿನವರು ಇನ್ನೂ ಬಂದಿರಲ್ಲ ಅತ್ತಿಗೆ. ಶನಿವಾರ ಅಲ್ವಾ? ಟೀ ಕುಡೀತಿರ್ತಾರೆ," ಎಂದ ಗೊತ್ತಪ್ಪ. ಅಂದು ಅವನಿಗೆ ಅಂಗಡಿ ರಜೆ, ಅವಳ ಗ್ರಹಚಾರ.

"ಆ ಕೆಂಪು ದೀಪ ಯಾಕೆ ಮಿಣುಕ್ತಿದೆ?" ಮಂಚದ ಮೇಲಿನಿಂದ ಅತ್ತೆ ಕೇಳಿದರು. "ನಿನ್ನೆ ಅವನು ಹೋಗುವಾಗ ಅದು ಇರ್ಲಿಲ್ಲ."

"ಅಮ್ಮ, ಕೆಂಪು ಅಂದ್ರೆ ಕರೆಂಟು ಇದೆ ಅಂತ. ಯಾವ ಫ್ರಿಜ್ಜಿನ ಸ್ಟೆಬಿಲೈಜರ್ ಬೇಕಾದ್ರೂ ನೋಡು."

"ನನ್ನ ರೇಡಿಯೊದಲ್ಲಿ ಹಸಿರಿರೋದು."

"ರೇಡಿಯೊ ಮಾತು ಬಿಡಮ್ಮ ಈಗ!"

ಅತ್ತೆ ಬಿಟ್ಟರು. ನಿನ್ನೆಯಿಂದ ಅವರು ಏನು ಹೇಳಿದರೂ ರೇಡಿಯೊ ಕಳಕೊಂಡ ಸಂಕಟಕ್ಕೆ ಹೇಳಿದ್ದು ಎಂದೇ ಮನೆಯಲ್ಲಿ ಲೆಕ್ಕವಾಗುತ್ತಿತ್ತು.

ಹನ್ನೊಂದಕ್ಕೆ ದರ್ಜಿ ಅಕ್ಕ ಮೆಟ್ಟಿಲ ತಿರುವಿಗೆ ಹತ್ತಿ, ಕಿಟಕಿಗೆ ಕೆನ್ನೆ ಒತ್ತಿ, ಕಂಪನಿಯ ಸಹಾಯವಾಣಿಗೆ ಫೋನು ಮಾಡಿದಳು. ಇದಕ್ಕೆ ಒಂದು ಒತ್ತಿ, ಅದಕ್ಕೆ ಎರಡು ಒತ್ತಿ. ಒತ್ತಿದಳು. ಸಂಗೀತ ಬಂತು. ನಿಮ್ಮ ಕರೆ ನಮಗೆ ಬಹಳ ಮುಖ್ಯ ಎಂದಿತು. ಇಪ್ಪತ್ತು ನಿಮಿಷ ಅಷ್ಟು ಮುಖ್ಯವಾಗಿ ನಿಂತ ಮೇಲೆ ಒಬ್ಬ ಹುಡುಗಿ ಸಿಕ್ಕಳು.

"ಮೇಡಂ, ಒಂದ್ಸಲ ಆಫ್ ಮಾಡಿ, ಮೂವತ್ತು ಸೆಕೆಂಡ್ ಬಿಟ್ಟು ಆನ್ ಮಾಡಿ."

ಫೋನು ಹಿಡಿದು ಕೆಳಗಿಳಿದರೆ ಮಾತು ಕಡಿಯುತ್ತದೆ. ಹಾಗಾಗಿ ದರ್ಜಿ ಅಕ್ಕ ಮೆಟ್ಟಿಲಲ್ಲಿ, ಗೊತ್ತಪ್ಪ ಬಾಗಿಲಲ್ಲಿ, ಅತ್ತೆ ಪೆಟ್ಟಿಗೆಯ ಪಕ್ಕದಲ್ಲಿ, ಹೀಗೆ ಸಾಲು ನಿಂತರು. ಅವಳು ಕೂಗಿದ್ದನ್ನು ಅವನು ಒಳಗೆ ಕೂಗಬೇಕು, ಅತ್ತೆ ಕೂಗಿದ್ದನ್ನು ಅವನು ಮೇಲಕ್ಕೆ ಕೂಗಬೇಕು.

"ಆಫ್ ಮಾಡ್ಬೇಕಂತೆ!"

"ಅಮ್ಮ, ಆಫ್!"

"ಇಪ್ಪತ್ತೊಂಬತ್ತು... ಮೂವತ್ತು. ಆನ್ ಮಾಡ್ಲಿ!" ಎಂದಳು ದರ್ಜಿ ಅಕ್ಕ ಮೇಲಿನಿಂದ.

"ದೀಪಗಳು ಹೇಗಿವೆ ಮೇಡಂ?" ಹುಡುಗಿ ಕೇಳಿದಳು.

"ದೀಪ ಹೇಗಿವೆ ಅಂತೆ!"

ಒಳಗಿನಿಂದ ಅತ್ತೆ ಹೇಳಿದರು: "ಮೊದಲನೇದು ಹಸಿರು. ಎರಡನೇದು ಕೆಂಪು, ಮಿಣುಕ್ತಾ ಇದೆ. ಉಳಿದವು ಸತ್ತಿವೆ."

ಗೊತ್ತಪ್ಪ ಅದನ್ನು ತನ್ನ ಸ್ಟೆಬಿಲೈಜರಿನಲ್ಲಿ ಸೋಸಿ ಮೇಲಕ್ಕೆ ಕೂಗಿದ: "ದೀಪ ಎಲ್ಲಾ ಸರಿ ಇವೆ ಅತ್ತಿಗೆ!"

"ದೀಪ ಸರಿ ಇವೆಯಂತಮ್ಮ."

"ಹಾಗಾದ್ರೆ ಸ್ವಲ್ಪ ಹೊತ್ತು ನೋಡಿ ಮೇಡಂ, ಬರುತ್ತೆ."

ಬರಲಿಲ್ಲ. ಹನ್ನೆರಡಕ್ಕೆ ಗೊತ್ತಪ್ಪ ಪೆಟ್ಟಿಗೆಯ ಮೇಲೆ ಕೈಯಿಟ್ಟು, "ಬಿಸಿಯಾಗಿದೆ, ಅದಕ್ಕೇ," ಎಂದು ತೀರ್ಪು ಕೊಟ್ಟ. ಬಿಸಿಯಾದ ಕಂಪ್ರೆಸರಿಗೆ ಮಾಡುವ ಹಾಗೆ ಅದನ್ನು ಆರಿಸಿ, ಮುಂದೆ ಫ್ಯಾನು ಇಟ್ಟು ಮುಕ್ಕಾಲು ಗಂಟೆ ತಣ್ಣಗೆ ಮಾಡಿದ. ಆ ಮುಕ್ಕಾಲು ಗಂಟೆ ಸೆಖೆಯಲ್ಲಿ ಬೆವರಿದ್ದು ಅತ್ತೆ ಮತ್ತು ಸೊಸೆ. ಪೆಟ್ಟಿಗೆ ತಣ್ಣಗಾಯಿತು, ಇಂಟರ್ನೆಟ್ ಬರಲಿಲ್ಲ.

ಒಂದೂವರೆಗೆ ಅವಳು ಮತ್ತೆ ಮೆಟ್ಟಿಲು ಹತ್ತಿದಳು. ಮತ್ತೆ ಒಂದು, ಎರಡು, ಸಂಗೀತ. ಸಿಕ್ಕವಳು ಅದೇ ಹುಡುಗಿ. ದನಿಯಲ್ಲೇ ಗುರುತು ಸಿಕ್ಕಿತು.

"ಮೇಡಂ, ಒಂದ್ಸಲ ಆಫ್ ಮಾಡಿ, ಮೂವತ್ತು ಸೆಕೆಂಡ್..."

ದರ್ಜಿ ಅಕ್ಕ ಅವಳ ಮಾತು ಮುಗಿಯಗೊಡಲಿಲ್ಲ. "ನಿನಗೆ ಮೂವತ್ತು ಎಣಿಸೋಕೆ ಸಂಬಳ ಕೊಡ್ತಾರೇನೇ? ಬೇರೆ ಏನಾದ್ರೂ ಬರುತ್ತಾ ನಿನಗೆ? ನಾಲ್ಕು ಗಂಟೆಗೆ ಹನ್ನೆರಡು ಜನ ಕಾಯ್ತಾರೆ ನನಗೆ. ನನ್ನ ಕೆಲಸ ಹೋದ್ರೆ ನೀನು ಕೊಡ್ತೀಯಾ? ನಮ್ಮ ಮನೇಲಿ ಯಾರೂ ಏನೂ ಮುಟ್ಟಿಲ್ಲ. ತಪ್ಪೆಲ್ಲಾ ನಿಮ್ಮದೇ!"

ಹುಡುಗಿಯ ದನಿ ತಗ್ಗಿತು: "ಕ್ಷಮಿಸಿ ಮೇಡಂ. ದೂರು ಬರ್ಕೊಂಡಿದ್ದೀನಿ. ನಲವತ್ತೆಂಟು ಗಂಟೆ ಒಳಗೆ ನಮ್ಮವರು ಬರ್ತಾರೆ."

ನಲವತ್ತೆಂಟು ಗಂಟೆ! ಅವಳ ಬಳಿ ಉಳಿದದ್ದು ಎರಡೂವರೆ. ಮೆಟ್ಟಿಲಲ್ಲೇ ಕುಸಿದು ಕೂತು ಯೋಚಿಸಿದಳು. ಮೇಲ್ವಿಚಾರಕಿಗೆ ಮುಂಚೆಯೇ ಹೇಳಿಬಿಡಲೇ? ಹೇಳಿದರೆ, "ಪರವಾಗಿಲ್ಲಮ್ಮ" ಎಂದು ಆ ಕಾಯುತ್ತಿರುವ ಇನ್ನೊಬ್ಬರಿಗೆ ಫೋನು ಹೋಗುತ್ತದೆ. ಹೇಳದಿದ್ದರೆ ನಾಲ್ಕು ಗಂಟೆಗೆ ಮರ್ಯಾದೆ ಹೋಗುತ್ತದೆ. ಹೇಳಲಿಲ್ಲ.

ಅವಳು ಕೆಳಗಿಳಿದು ಬರುವಷ್ಟರಲ್ಲಿ ಗೊತ್ತಪ್ಪ ಅವಳ ಸೂಜಿಡಬ್ಬಿಯಿಂದ ಉದ್ದನೆಯ ಸೂಜಿ ತೆಗೆದು ಪೆಟ್ಟಿಗೆಯ ಬೆನ್ನಿನ ತೂತಿಗೆ ಚುಚ್ಚಿ ಹಿಡಿದಿದ್ದ.

"ಏನಪ್ಪಾ ಮಾಡ್ತಿದ್ದೀಯ?"

"ರೀಸೆಟ್. ಎಲ್ಲಾ ಹೊಸದಾಗಿ ಶುರುವಾಗುತ್ತೆ. ಗೊತ್ತು ನನಗೆ."

ಶುರುವಾಯಿತು. ಎಷ್ಟು ಹೊಸದಾಗಿ ಎಂದರೆ, ಅದುವರೆಗೆ ಪೆಟ್ಟಿಗೆಯ ಹೆಸರನ್ನಾದರೂ ಹಿಡಿಯುತ್ತಿದ್ದ ಫೋನು ಈಗ ಅದನ್ನೂ ಮರೆಯಿತು. ಲೈನ್‌ಮನ್ ಬರೆದುಕೊಟ್ಟಿದ್ದ ಪಾಸ್‌ವರ್ಡ್ ತಪ್ಪೆಂದಿತು. ಹೊಸ ಪಾಸ್‌ವರ್ಡು ಪೆಟ್ಟಿಗೆಯ ಹೊಟ್ಟೆಯ ಕೆಳಗೆ ಎಳ್ಳುಕಾಳಿನಷ್ಟು ಅಕ್ಷರದಲ್ಲಿತ್ತು. ಅವಳು ತನ್ನ ಹೊಲಿಗೆ ಕನ್ನಡಕ ಹಾಕಿ ಓದಿದಳು, ಅವನು ಒತ್ತಿದ. ನಾಲ್ಕನೆಯ ಸಲಕ್ಕೆ ಒಪ್ಪಿಕೊಂಡಿತು. 'ಇಂಟರ್ನೆಟ್ ಇಲ್ಲ' ಎಂಬ ಸಾಲು ಮಾತ್ರ ಅಲ್ಲೇ ಹಲ್ಲು ಕಿರಿಯುತ್ತ ನಿಂತಿತ್ತು.

ಮೂರೂಕಾಲು. ದರ್ಜಿ ಅಕ್ಕ ಯಂತ್ರದ ಮುಂದೆ ಕೂತು, ಕ್ಲಾಸಿಗೆಂದು ಜೋಡಿಸಿಟ್ಟ ಬಟ್ಟೆ ತುಂಡುಗಳನ್ನು ಒಂದೊಂದಾಗಿ ಮಡಚಿ ಚೀಲಕ್ಕೆ ಹಾಕತೊಡಗಿದಳು. ಅತ್ತೆ ಅದನ್ನು ನೋಡಿದರು. ಎದ್ದು, ಮಂಚದ ಕೆಳಗಿಟ್ಟಿದ್ದ ರೇಡಿಯೊ ಎತ್ತಿ ತಿರುಗಿಸಿದರು. ಅದರ ಬೆನ್ನಿಗೆ ಅಂಟಿಸಿದ್ದ ಚೀಟಿಯ ಮೇಲೆ ಒಂದು ನಂಬರಿತ್ತು.

"ತಗೋ. ಆ ಲೈನ್‌ಮನ್‌ದು."

"ನಿಮ್ಮ ಹತ್ರ ಹೇಗೆ ಬಂತು?"

"ಇಸ್ಕೊಂಡಿದ್ದೆ. ನೀನು ಇಲ್ದಾಗ ಕರೆಸಿ ಪೆಟ್ಟಿಗೆ ಬೇರೆ ಕಡೆ ಇಡಿಸೋಣ ಅಂತ."

"ಬೆಳಗ್ಗೆಯಿಂದ ಯಾಕೆ ಹೇಳ್ಲಿಲ್ಲ ಅತ್ತೆ?"

"ಬೆಳಗ್ಗೆಯಿಂದ ನನ್ನ ಮಾತು ಯಾರು ಕೇಳಿದ್ರಿ?"

ದರ್ಜಿ ಅಕ್ಕ ರೇಡಿಯೊದ ಬೆನ್ನಿನಿಂದ ಚೀಟಿ ಕಿತ್ತುಕೊಂಡಳು. ಅವಳು ಮೆಟ್ಟಿಲಿಗೆ ಓಡಿದಳು. ಲೈನ್‌ಮನ್ ಯಾವುದೋ ಕಂಬದ ಮೇಲಿದ್ದಂತಿತ್ತು, ಗಾಳಿಯ ಸದ್ದು ಕೇಳುತ್ತಿತ್ತು. ಪೆಟ್ಟಿಗೆಯ ಕಥೆಯನ್ನೆಲ್ಲ ಅವನು ಕೇಳಲಿಲ್ಲ. ಒಂದೇ ಪ್ರಶ್ನೆ ಕೇಳಿದ.

"ಕೆಂಪು ದೀಪ ಇದೆಯಾ?"

ಈ ಸಲ ಗೊತ್ತಪ್ಪನನ್ನು ದಾಟಿ ಅತ್ತೆಯೇ ಬಾಗಿಲಿಗೆ ಬಂದು ನಿಂತಿದ್ದರು. "ಇದೆ! ಬೆಳಗ್ಗೆಯಿಂದ ಮಿಣುಕ್ತಿದೆ!"

"ಹಾಗಾದ್ರೆ ಆಫೀಸಿಂದೂ ಅಲ್ಲ, ಪೆಟ್ಟಿಗೆದೂ ಅಲ್ಲ," ಎಂದ ಲೈನ್‌ಮನ್. "ಬೆಳಕು ಬರ್ತಿಲ್ಲ. ಆ ವೈರೊಳಗೆ ತಂತಿ ಇಲ್ಲಮ್ಮ, ಕೂದಲಿನಂಥ ಗಾಜಿನೆಳೆ ಇದೆ. ಅದರಲ್ಲಿ ಹರಿಯೋದು ಬೆಳಕು. ದುಂಡಗೆ ಬಾಗಿದ್ರೆ ಹೋಗುತ್ತೆ, ಚೂಪಾಗಿ ಮಡಚಿದ್ರೆ ಅಲ್ಲೇ ನಿಂತುಬಿಡುತ್ತೆ. ಅದಕ್ಕೇ ಸುತ್ತಿಟ್ಟು, ಹೀಗೇ ಇರ್ಲಿ ಅಂದಿದ್ದೆ. ಎಲ್ಲಾದ್ರೂ ಮಡಚಿದ್ದೀರಾ?"

"ಇಲ್ಲಪ್ಪ, ಯಾರೂ ಮುಟ್ಟಿಲ್ಲ," ಎಂದಳು. ಸುಳ್ಳು ಹೇಳಬೇಕೆಂದು ಹೇಳಿದ್ದಲ್ಲ. ಹೊಲಿದದ್ದನ್ನು ಮುಟ್ಟಿದ್ದು ಎಂದು ಅವಳು ಯಾವತ್ತೂ ಎಣಿಸಿದವಳಲ್ಲ. ಮಾತು ಬಾಯಿಂದ ಬಿದ್ದ ಮೇಲೆ ಅವಳ ಹೆಬ್ಬೆರಳಿನ ಉಗುರು ನೆನಪಿಸಿತು. ಐದು ಮೂಲೆ. ಒಂದೊಂದನ್ನೂ ತೀಡಿದ್ದು ಅದೇ ಉಗುರು.

"ಒಂದು ನಿಮಿಷ," ಎಂದಳು. ಆಮೇಲೆ, ಬಹಳ ಮೆಲ್ಲಗೆ, "ಮಡಚಿದ್ದೀನಿ. ಐದು ಕಡೆ. ಬಿಚ್ಚಿದ್ರೆ ಸರಿಹೋಗುತ್ತಾ?"

"ಗಾಜು ಮುರಿದಿಲ್ದೇ ಇದ್ರೆ ಹೋಗುತ್ತೆ. ರೀಸೆಟ್ ಏನಾದ್ರೂ ಒತ್ತಿದ್ದೀರಾ?"

"ಒತ್ತಿದ್ದಾರೆ."

"ಅಯ್ಯೋ. ಹಾಗಾದ್ರೆ ಕೆಂಪು ಹೋದ ಮೇಲೂ ಹತ್ತು ನಿಮಿಷ ಕಾಯ್ಬೇಕು. ಆಫೀಸಿಂದ ಸೆಟ್ಟಿಂಗ್ ವಾಪಸ್ ಬರ್ಬೇಕು."

ಮೂರೂ ಮೂವತ್ತೆರಡು. ದರ್ಜಿ ಅಕ್ಕ ಹೊಲಿಗೆ ಬಿಚ್ಚುವ ಕೊಕ್ಕೆ ಹಿಡಿದು ಸ್ಟೂಲು ಹತ್ತಿದಳು.

ತನ್ನ ಹೊಲಿಗೆಯನ್ನು ತಾನೇ ಬಿಚ್ಚಲಾರದಷ್ಟು ಗಟ್ಟಿಯಾಗಿರಬೇಕು ಎಂದು ಇಪ್ಪತ್ತಾರು ವರ್ಷ ಹೇಳಿಕೊಂಡು ಬಂದವಳು ಅವಳು. ಈಗ ಅದರ ರುಚಿ ಸಿಕ್ಕಿತು. ಅಕ್ಕಿಕಾಳಿಗಿಂತ ಸಣ್ಣ ಹೊಲಿಗೆ, ಗೋಡೆಯ ಬಣ್ಣದ್ದೇ ದಾರ, ಎಲ್ಲಿ ಗಂಟಿದೆಯೆಂದು ಅವಳ ಕಣ್ಣಿಗೇ ಕಾಣದು. ಅವಸರದಲ್ಲಿ ಕೊಕ್ಕೆ ಜಾರಿದರೆ ವೈರಿಗೇ ಏಟು. ಮೊದಲ ಮೂಲೆಗೆ ಐದು ನಿಮಿಷ ಹಿಡಿಯಿತು. ಎರಡನೆಯದಕ್ಕೆ ಏಳು. ಅತ್ತೆ ಬಿಚ್ಚಿದ ವೈರನ್ನು ಎಳೆಗೂಸಿನ ಕೈ ಹಿಡಿದ ಹಾಗೆ ಎರಡೂ ಅಂಗೈಯಲ್ಲಿ ಹಿಡಿದು ನಿಂತರು. ಗೊತ್ತಪ್ಪ ಸ್ಟೂಲು ಹಿಡಿದಿದ್ದ.

"ಅತ್ತಿಗೆ, ಆ ಸುತ್ತು ಹೀಗೇ ಇರ್ಲಿ ಅಂತ ಅವನು ನನಗೆ ಹೇಳಿದ್ದ," ಎಂದ, ತಲೆ ತಗ್ಗಿಸಿ.

"ಗೊತ್ತು," ಎಂದಳು ಅವಳು. ಅತ್ತೆಗೆ ನಗು ತಡೆಯಲಾಗಲಿಲ್ಲ.

ನಾಲ್ಕನೆಯ ಮೂಲೆಯಲ್ಲಿದ್ದಾಗ ನಾಲ್ಕು ಗಂಟೆಯಾಯಿತು. ಅವಳು ಗಡಿಯಾರ ನೋಡಲಿಲ್ಲ. ಪಕ್ಕದ ಕಟ್ಟಡದ ಕಾರ್ಖಾನೆಯ ಗಂಟೆ ಕೇಳಿ ತಿಳಿಯಿತು. "ಹೋಗಪ್ಪ, ಮೆಟ್ಟಿಲಿಂದ ಮೇಲ್ವಿಚಾರಕಿಗೆ ಮೆಸೇಜು ಹಾಕು, ಸ್ವಲ್ಪ ತಡ ಆಗುತ್ತೆ ಅಂತ," ಎಂದಳು. ಅವನು ಓಡಿದ. ಐದನೆಯ ಮೂಲೆಯ ಗಂಟು ಕಿತ್ತು, ವೈರು ಮೂಲೆಯಿಂದ ದುಂಡಗೆ ಈಚೆ ಬಂದದ್ದೇ ತಡ, ಅತ್ತೆ ಕೂಗಿದರು: "ಕೆಂಪು ಹೋಯ್ತು!"

ನಾಲ್ಕೂ ಹತ್ತು. ಎರಡನೆಯ ದೀಪ ಆರಿ, ಮೂರನೆಯದು ಹಸಿರಾಗಿ ಮಿಣುಕತೊಡಗಿತ್ತು. ಆಮೇಲಿನ ಹತ್ತು ನಿಮಿಷ ಮಾಡುವುದಕ್ಕೇನೂ ಇರಲಿಲ್ಲ. ಬೆಳಗ್ಗೆಯಿಂದ ಪಟ್ಟ ಪಾಡಿಗಿಂತ ಹೆಚ್ಚಿನ ಹಿಂಸೆ ಈ ಹತ್ತು ನಿಮಿಷದ್ದು. ನಾಲ್ಕೂ ಇಪ್ಪತ್ತಕ್ಕೆ ಫೋನಿನಿಂದ ಆ ದರಿದ್ರ ಸಾಲು ಅಳಿಸಿತು. ಅವಳು ಫೋನನ್ನು ಸ್ಟ್ಯಾಂಡಿಗೆ ಸಿಕ್ಕಿಸಿ ಕ್ಲಾಸಿಗೆ ಸೇರಿದಳು.

ಪರದೆಯ ಮೇಲೆ ಹನ್ನೆರಡು ಮುಖ ಇರಬೇಕಾದಲ್ಲಿ ಐದಿದ್ದವು. ಆರನೆಯದು ಮೇಲ್ವಿಚಾರಕಿಯದು.

"ಇಪ್ಪತ್ತು ನಿಮಿಷ ಅಮ್ಮ," ಎಂದಳು ಆಕೆ. "ಏನಾಯ್ತು?"

ಕ್ಯಾಮೆರಾಕ್ಕೆ ಕಾಣದ ಕಡೆ ನಿಂತಿದ್ದ ಗೊತ್ತಪ್ಪ ಕೈಸನ್ನೆ ಮಾಡುತ್ತಿದ್ದ: ಕಂಪನಿಯವರದು ಅನ್ನಿ, ಕಂಪನಿಯವರದು ಅನ್ನಿ. ಅನ್ನುವುದು ಸುಲಭವಿತ್ತು. ಕೇಳಿದವರು ನಂಬುತ್ತಲೂ ಇದ್ದರು. ದರ್ಜಿ ಅಕ್ಕ ಮಡಿಲಲ್ಲಿದ್ದ, ಬಿಚ್ಚಿ ಹರಿದ ಪಟ್ಟಿಯನ್ನು ಎತ್ತಿ ಕ್ಯಾಮೆರಾಕ್ಕೆ ಹಿಡಿದಳು.

"ತಪ್ಪು ನನ್ನದೇ. ಇಂಟರ್ನೆಟ್ ವೈರಿಗೆ ಪೈಪಿಂಗ್ ಹಾಕಿದ್ದೆ. ಮೂಲೆ ಚೂಪಾಗಿ ಬರ್ಲಿ ಅಂತ ಮಡಚಿಬಿಟ್ಟೆ, ಬೆಳಕೇ ನಿಂತುಹೋಯ್ತು."

ಮೂಲೆಯ ಚೌಕದಲ್ಲಿದ್ದ ಹೆಂಗಸೊಬ್ಬಳು ನಗತೊಡಗಿದಳು. ಅವಳ ಹಿಂದೆ ಮಿಕ್ಕವರೂ ನಕ್ಕರು.

"ಅದನ್ನ ಹತ್ರ ತನ್ನಿ ಟೀಚರ್," ಎಂದಳು ಅದೇ ಹೆಂಗಸು. "ಇಷ್ಟು ಸಣ್ಣ ಹೊಲಿಗೆ ಕೈಯಲ್ಲೇ ಹಾಕಿದ್ರಾ? ಹೇಗೆ?"

ದರ್ಜಿ ಅಕ್ಕ ಚೀಲದಿಂದ ಬಟ್ಟೆ ತುಂಡುಗಳನ್ನು ಮತ್ತೆ ಹೊರತೆಗೆದಳು. ಆ ದಿನ ಕಲಿಸಬೇಕೆಂದಿದ್ದದ್ದು ಕಾಲರು. ಕಲಿಸಿದ್ದು ಪೈಪಿಂಗ್, ಒಳಗಿನ ಹುರಿಗೆ ಪೆಟ್ಟಾಗದ ಹಾಗೆ ಪಟ್ಟಿಗೆ ಸಣ್ಣ ಸಣ್ಣ ಕತ್ತರಿ ಕೊಟ್ಟು ಮೂಲೆಯಲ್ಲಿ ದುಂಡಗೆ ತಿರುಗಿಸುವುದು.

ಕ್ಲಾಸು ಮುಗಿದ ಮೇಲೆ ಮೇಲ್ವಿಚಾರಕಿ ಕಡ್ಡಿ ತುಂಡು ಮಾಡಿದ ಹಾಗೆ ಹೇಳಿದಳು: "ವರ್ಷಪೂರ್ತಿ ಅಂತ ಈಗ ಹೇಳೋಕಾಗಲ್ಲ ಅಮ್ಮ. ಒಂದು ತಿಂಗಳು ನೋಡೋಣ. ಈ ಐದು ಜನ ನೀವೇ ಬೇಕು ಅಂದಿದ್ದಾರೆ. ಹೋದವರನ್ನ ಆ ಇನ್ನೊಬ್ಬರಿಗೆ ಕೊಡ್ತೀನಿ."

ಫೋನು ಇಟ್ಟ ಮೇಲೆ ದರ್ಜಿ ಅಕ್ಕ ಮತ್ತೊಮ್ಮೆ ಮೆಟ್ಟಿಲು ಹತ್ತಿದಳು. ಹತ್ತಬೇಕಾಗಿರಲಿಲ್ಲ, ಈಗ ಮನೆಯೊಳಗಿನಿಂದಲೇ ಮಾತಾಡಬಹುದಿತ್ತು. ಅತ್ತೆಯ ಎದುರಿಗೆ ಬೇಡವೆನಿಸಿತು. ಒಂದು ಒತ್ತಿ, ಎರಡು ಒತ್ತಿ, ಸಂಗೀತ ಕೇಳಿ, ಬೆಳಗಿನ ಹುಡುಗಿಯನ್ನು ಕೇಳಿದಳು. ಸಿಕ್ಕವಳು ಬೇರೆ ಹುಡುಗಿ. ಅಲ್ಲಿ ಇನ್ನೂರು ಜನ ಇದ್ದಾರೆ, ಯಾರೆಂದು ಗೊತ್ತಾಗುವುದಿಲ್ಲ ಮೇಡಂ, ಬೇರೇನು ಸಹಾಯ ಮಾಡಲಿ ಎಂದಳು. ಏನೂ ಇಲ್ಲವೆಂದು ದರ್ಜಿ ಅಕ್ಕ ಫೋನು ಇಟ್ಟಳು.

ಪೆಟ್ಟಿಗೆ ಬೀರುವಿನ ಮೇಲಕ್ಕೆ ಹೋಯಿತು, ರೇಡಿಯೊ ಗೂಡಿಗೆ ಬಂತು, ವೈರಿನ ಸುತ್ತು ಮೊಳೆಗೆ ಮರಳಿತು. ಏಳು ಜನ ಹೋದರು, ಐದು ಜನ ಉಳಿದರು, ವರ್ಷದ ಕೆಲಸ ಒಂದು ತಿಂಗಳಿಗೆ ಇಳಿಯಿತು. ಆ ಹುಡುಗಿಗೆ ಆಡಿದ ಮಾತು ಆಡಿದ್ದಾಗಿಯೇ ಉಳಿಯಿತು.